ಮಕ್ಕಳಿಗೆ ಕಣ್ಣು, ಹಿರಿಯರಿಗೆ ಗಡಿಯಾರ

ಸಿಬಿಎಸ್‌ಇ ಹನ್ನೆರಡನೇ ತರಗತಿಯ ದೈಹಿಕ ಶಿಕ್ಷಣದಲ್ಲಿ ಪರೀಕ್ಷೆ ಮತ್ತು ಮಾಪನದ ಬಗ್ಗೆ ಒಂದು ಪಾಠ ಇದೆ. ಒಂದನೇ ಕ್ಲಾಸಿನ ಮಗುವಿಗೆ ಮಾಡುವ ದೈಹಿಕ ಸಾಮರ್ಥ್ಯದ ಪರೀಕ್ಷೆ ಅದರಲ್ಲಿದೆ. ಎಂಬತ್ತು ದಾಟಿದ ಅಜ್ಜಿಗೆ ಮಾಡುವ, ರಿಕ್ಲಿ ಮತ್ತು ಜೋನ್ಸ್ ಎಂಬಿಬ್ಬರು ರೂಪಿಸಿದ ಪರೀಕ್ಷೆಯೂ ಅದರಲ್ಲೇ ಇದೆ. ಓದುವವರು ಮಾತ್ರ ಹದಿನೇಳು ವರ್ಷದವರು, ಈ ಎರಡೂ ಅಲ್ಲದವರು. 'ರಿಕ್ಲಿ ಮತ್ತು ಜೋನ್ಸ್ ಪರೀಕ್ಷೆಯ ಅಂಗಗಳನ್ನು ವಿವರಿಸಿ' ಎಂಬ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿ, ಅಂಕ ತೆಗೆದುಕೊಂಡು ಅವರು ಮುಂದೆ ಹೋಗಿಬಿಡುತ್ತಾರೆ.

ನಾನು ದೈಹಿಕ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿಟಿ ಮಿಸ್. ಇಡೀ ವರ್ಷದಲ್ಲಿ ನನಗೆ ಬಹಳ ಇಷ್ಟವಾದ ಪಾಠ ಇದೇ ಆಗಿರುವುದರಿಂದ ಅದನ್ನು ಕಪ್ಪುಹಲಗೆಯ ಮೇಲೆ ಮುಗಿಸಲು ಮನಸ್ಸು ಬರುವುದಿಲ್ಲ. ಹಾಗಾಗಿ ಹನ್ನೆರಡನೆಯವರನ್ನು ಕರೆದುಕೊಂಡು ಬಂದು ಸಣ್ಣ ಮಕ್ಕಳ ಪರೀಕ್ಷೆಗೆ ಸಹಾಯಕ್ಕೆ ನಿಲ್ಲಿಸುತ್ತೇನೆ. ಹಿರಿಯರ ಪರೀಕ್ಷೆಯನ್ನು ಅವರವರ ಮನೆಯಲ್ಲೇ ಮಾಡಿಕೊಂಡು ಬರಲು ಹೇಳುತ್ತೇನೆ. ಮನೆಯಲ್ಲಿ ಅಜ್ಜಿ ತಾತ ಇಲ್ಲದವರಿಗೆ ಪಕ್ಕದ ಮನೆಯವರು ಇದ್ದೇ ಇರುತ್ತಾರೆ. ಹೀಗೆ ಬದುಕಿನ ಎರಡೂ ತುದಿಯನ್ನು ಒಂದೇ ತಿಂಗಳಲ್ಲಿ ನೋಡುತ್ತಾ ನೋಡುತ್ತಾ ಒಂದು ವಿಷಯ ನನಗೆ ಗಟ್ಟಿಯಾಗಿದೆ. ಮಕ್ಕಳ ವಿಷಯದಲ್ಲಿ ಅಂಕಿ ನಮ್ಮನ್ನು ದಾರಿ ತಪ್ಪಿಸುತ್ತದೆ, ಕಣ್ಣಿಟ್ಟು ನೋಡಿದರೆ ಮಾತ್ರ ತಿಳಿಯುತ್ತದೆ. ಹಿರಿಯರ ವಿಷಯದಲ್ಲಿ ನಮ್ಮ ಕಣ್ಣೇ ದಾರಿ ತಪ್ಪಿಸುತ್ತದೆ, ಅಲ್ಲಿ ಅಂಕಿ ಬೇಕು. ನಾವು ಮಾಡುತ್ತಿರುವುದು ಸರಿಯಾಗಿ ಇದರ ತಿರುಗುಮುರುಗು. ಮಕ್ಕಳನ್ನು ಅಳೆದು ಅಳೆದು ಅಂಕಿಗಳನ್ನು ಸರ್ಕಾರದ ಆಪ್‌ಗೆ ಏರಿಸುತ್ತೇವೆ. ಹಿರಿಯರನ್ನು ಸುಮ್ಮನೆ ನೋಡಿಕೊಂಡು 'ಪರವಾಗಿಲ್ಲ, ಓಡಾಡಿಕೊಂಡಿದ್ದಾರೆ' ಅನ್ನುತ್ತೇವೆ.

ಮೊದಲು ಮಕ್ಕಳು. ಶಾಲಾ ಮಕ್ಕಳಿಗೆಂದು ಕೇಂದ್ರ ಸರ್ಕಾರ ತಂದ ಖೇಲೋ ಇಂಡಿಯಾ ಪರೀಕ್ಷೆಯಲ್ಲಿ ಒಂದರಿಂದ ಮೂರನೇ ತರಗತಿಯವರಿಗೆ ಇರುವುದು ಮೂರೇ ಬಾಬತ್ತು. ಎತ್ತರ, ತೂಕ ನೋಡಿ ಬಿಎಂಐ ಲೆಕ್ಕ ಹಾಕುವುದು, ಒಂಟಿಕಾಲಲ್ಲಿ ನಿಲ್ಲುವ ಫ್ಲೆಮಿಂಗೋ ಪರೀಕ್ಷೆ, ಮೇಜಿನ ಮೇಲಿನ ಎರಡು ಬಿಲ್ಲೆಗಳನ್ನು ಒಂದಾದ ಮೇಲೊಂದರಂತೆ ತಟ್ಟುವ ಪ್ಲೇಟ್ ಟ್ಯಾಪಿಂಗ್. ಇವು ಹೊಸವೇನಲ್ಲ. ಎರಡು ಪರೀಕ್ಷೆಗಳೂ ಯುರೋಪಿನಲ್ಲಿ 1988ರಲ್ಲಿ ಬಂದ ಯೂರೋಫಿಟ್ ಎಂಬ ಶಾಲಾ ಪರೀಕ್ಷಾ ಮಾಲೆಯಲ್ಲಿದ್ದವು. ಫ್ಲೆಮಿಂಗೋಗೆ 50 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಎತ್ತರ, ಕೇವಲ 3 ಸೆಂಟಿಮೀಟರ್ ಅಗಲದ ಮರದ ಪಟ್ಟಿ ಬೇಕು. ಅದರ ಮೇಲೆ ಒಂದು ಕಾಲೂರಿ, ಇನ್ನೊಂದು ಕಾಲನ್ನು ಹಿಂದಕ್ಕೆ ಮಡಚಿ ಅದೇ ಬದಿಯ ಕೈಯಲ್ಲಿ ಪಾದ ಹಿಡಿದು, ಒಟ್ಟು ಒಂದು ನಿಮಿಷ ನಿಲ್ಲಬೇಕು. ಆಯ ತಪ್ಪಿದಾಗಲೆಲ್ಲ ಗಡಿಯಾರ ನಿಲ್ಲಿಸಿ, ಎಷ್ಟು ಸಲ ತಪ್ಪಿತು ಅಂತ ಬರೆದುಕೊಳ್ಳಬೇಕು. ಮೊದಲ 30 ಸೆಕೆಂಡಿನಲ್ಲಿ 15ಕ್ಕಿಂತ ಹೆಚ್ಚು ಸಲ ತಪ್ಪಿದರೆ ಅಲ್ಲಿಗೇ ಪರೀಕ್ಷೆ ಮುಗಿಯಿತು, ಸೊನ್ನೆ.

ಇಬ್ಬರು ಮಕ್ಕಳಿಗೆ ಒಂದೇ ಅಂಕಿ ಬಂತು ಅಂದುಕೊಳ್ಳಿ. ಒಂದು ಮಗು ಪಟ್ಟಿಯಿಂದ ಇಳಿದದ್ದು ಸಾಲಿನಲ್ಲಿದ್ದ ಗೆಳೆಯ ಕರೆದ ಅಂತ, ಆಮೇಲೆ ಚಪ್ಪಲಿ ಎಲ್ಲಿಟ್ಟೆ ಅಂತ ನೆನಪಾಯಿತು ಅಂತ. ಮತ್ತೆ ಹತ್ತಿದಾಗ ಹಾಯಾಗಿ ನಿಂತುಕೊಳ್ಳುತ್ತದೆ. ಇನ್ನೊಂದು ಮಗುವಿನ ಮುಷ್ಟಿ ಬಿಗಿದುಕೊಂಡಿದೆ, ಬಾಯಿ ತೆರೆದಿದೆ, ಭುಜ ಕಿವಿಯವರೆಗೆ ಏರಿದೆ, ಆಯ ತಪ್ಪುವ ಮೊದಲೇ ಬೀಳುವ ಭಯ ಮುಖದಲ್ಲಿದೆ. ಹಾಳೆಯ ಮೇಲೆ ಇವರಿಬ್ಬರೂ ಒಂದೇ. ನಾನು ಆ ಎರಡನೆಯ ಮಗುವನ್ನು ಆಟದ ಪೀರಿಯಡ್‌ನಲ್ಲಿ ಮತ್ತೆ ಮತ್ತೆ ನೋಡಬೇಕು. ಹಾಳೆ ಅದನ್ನು ನನಗೆ ಹೇಳುವುದಿಲ್ಲ.

ನಾಲ್ಕನೇ ತರಗತಿಯಿಂದ ಮೇಲಕ್ಕೆ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕೂತು ಮುಂದಕ್ಕೆ ಬಾಗುವುದು, ಹೊಟ್ಟೆಯ ಸ್ನಾಯುಗಳ ಕರ್ಲ್-ಅಪ್, ಪುಷ್-ಅಪ್ ಸೇರಿಕೊಳ್ಳುತ್ತವೆ. ಇವುಗಳ ಅಂಕಿ ಇನ್ನೂ ನಯವಾಗಿ ಮೋಸ ಮಾಡುತ್ತದೆ. ಏಳನೇ ಕ್ಲಾಸಿನಲ್ಲಿ ಮೀಸೆ ಚಿಗುರಿದ ಹುಡುಗ, ಇನ್ನೂ ಹಾಲುಹಲ್ಲು ಪೂರ್ತಿ ಬೀಳದ ಹುಡುಗ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಅವರ 50 ಮೀಟರ್ ಓಟದ ವ್ಯತ್ಯಾಸದಲ್ಲಿ ಅಭ್ಯಾಸದ ಪಾಲೆಷ್ಟು, ಮೊದಲೇ ಬಂದ ಹರೆಯದ ಪಾಲೆಷ್ಟು? ಹರೆಯದಲ್ಲಿ ಕಾಲು ಮೊದಲು ಉದ್ದವಾಗುತ್ತದೆ, ಮೈ ಆಮೇಲೆ ಬೆಳೆಯುತ್ತದೆ. ಆ ಒಂದು ವರ್ಷ ಕೂತು ಬಾಗುವ ಪರೀಕ್ಷೆಯಲ್ಲಿ ಮಗುವಿನ ಬೆರಳು ಹಿಂದಿನ ವರ್ಷಕ್ಕಿಂತ ಹಿಂದೆಯೇ ನಿಲ್ಲಬಹುದು. ಮೈ ಬಿಗಿಯಾಗಿದೆ ಅಂತ ಬೈಸಿಕೊಳ್ಳುವಂಥದ್ದು ಅದರಲ್ಲಿ ಏನೂ ಇಲ್ಲ. ಮೈದಾನದ ಮಾತಂತೂ ಕೇಳಲೇಬೇಡಿ. ಬಾಸ್ಕೆಟ್‌ಬಾಲ್ ಕೋರ್ಟಿನಷ್ಟು ಅಂಗಳ ಇರುವ ಶಾಲೆಯಲ್ಲಿ 600 ಮೀಟರ್ ಎಂದರೆ ಮೂಲೆ ಮೂಲೆಯಲ್ಲೂ ವೇಗ ತಗ್ಗಿಸಿ ತಿರುಗುವುದೇ ಆಗುತ್ತದೆ. ಆ ಮಕ್ಕಳ ಸಮಯವನ್ನು ದೊಡ್ಡ ಮೈದಾನದ ಮಕ್ಕಳ ಸಮಯದ ಪಕ್ಕ ಇಟ್ಟು ಹೋಲಿಸುವುದು ಅನ್ಯಾಯ.

ಹಾಗಾದರೆ ಕಣ್ಣಿಟ್ಟು ನೋಡುವುದು ಎಂದರೆ ಏನು? ಅದಕ್ಕೂ ಒಂದು ಶಾಸ್ತ್ರವಿದೆ. ಅಮೆರಿಕದ ಡೇಲ್ ಉಲ್ರಿಚ್ 1985ರಲ್ಲಿ ರೂಪಿಸಿದ ಟಿಜಿಎಂಡಿ ಎಂಬ ಪರೀಕ್ಷೆ ಈಗ ಮೂರನೇ ಆವೃತ್ತಿಯಲ್ಲಿದೆ. 3ರಿಂದ 10 ವರ್ಷದ ಮಕ್ಕಳ 13 ಚಲನೆಗಳನ್ನು ಅದು ನೋಡುತ್ತದೆ. ಓಟ, ಕುಂಟುವುದು, ನಿಂತಲ್ಲಿಂದ ಹಾರುವುದು, ಎಸೆಯುವುದು, ಹಿಡಿಯುವುದು, ಒದೆಯುವುದು, ಹೀಗೆ. ಎಷ್ಟು ದೂರ, ಎಷ್ಟು ಬೇಗ ಎಂಬುದನ್ನು ಅದು ಕೇಳುವುದೇ ಇಲ್ಲ. ಚೆಂಡನ್ನು ಭುಜದ ಮೇಲಿಂದ ಎಸೆಯುವಾಗ ಕೈ ಮೊದಲು ಕೆಳಗಿಳಿದು ಹಿಂದೆ ಹೋಯಿತೇ? ಸೊಂಟ, ಭುಜ ತಿರುಗಿ ಎಸೆಯದ ಕೈಯ ಪಕ್ಕ ಚೆಂಡು ಎಸೆಯಬೇಕಾದ ಗೋಡೆಯ ಕಡೆಗೆ ಬಂತೇ? ಎಸೆಯುವ ಕೈಗೆ ಎದುರು ಬದಿಯ ಕಾಲು ಮುಂದೆ ಬಂತೇ? ಚೆಂಡು ಬಿಟ್ಟ ಮೇಲೆ ಕೈ ಮೈಗೆ ಅಡ್ಡವಾಗಿ ಆಚೆ ಸೊಂಟದವರೆಗೆ ಇಳಿಯಿತೇ? ಹೌದಾದರೆ ಒಂದು, ಇಲ್ಲವಾದರೆ ಸೊನ್ನೆ. ಅಷ್ಟೇ.

ಈ ನಾಲ್ಕು ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡು ಲಗೋರಿ ಆಡುವ ಮಕ್ಕಳನ್ನು ಹತ್ತು ನಿಮಿಷ ನೋಡಿ. ಬಲಗೈಯಲ್ಲಿ ಎಸೆಯುವಾಗ ಬಲಗಾಲನ್ನೇ ಮುಂದಿಡುವ ಮಕ್ಕಳು ಎಷ್ಟೊಂದು! ಅವರಲ್ಲಿ ಬಹುಪಾಲು ಹುಡುಗಿಯರು. ಕೈಯಲ್ಲಿ ಬಲ ಇಲ್ಲ ಅಂತಲ್ಲ, ಯಾರೂ ಅವರ ಕೈಗೆ ಚೆಂಡು ಕೊಟ್ಟಿಲ್ಲ ಅಂತ. ಕಾಲು ಬದಲಿಸಿ ನಿಲ್ಲುವುದನ್ನು ಹೇಳಿಕೊಟ್ಟರೆ ಕೆಲವೇ ವಾರಗಳಲ್ಲಿ ಆ ಹುಡುಗಿಯರು ಎಸೆಯುವ ಚೆಂಡು ಬೇರೆಯೇ ಸದ್ದು ಮಾಡುತ್ತದೆ. ದೂರ ಅಳೆದಿದ್ದರೆ ನನಗೆ ಸಿಗುತ್ತಿದ್ದದ್ದು 'ಕಡಿಮೆ' ಎಂಬ ತೀರ್ಪು. ಭಂಗಿ ನೋಡಿದ್ದರಿಂದ ಮರುದಿನ ಏನು ಕಲಿಸಬೇಕು ಎಂಬುದು ಸಿಕ್ಕಿತು.

ಕುಂಟೆಬಿಲ್ಲೆಯೂ ಹಾಗೆಯೇ. ಒಂಟಿಕಾಲಲ್ಲಿ ಕುಂಟುತ್ತಾ, ಗೆರೆ ತುಳಿಯದೆ, ಬಿಲ್ಲೆಯನ್ನು ಅದೇ ಕಾಲಿನಿಂದ ತಳ್ಳಿ, ತಿರುಗಿ ಬರುವುದರಲ್ಲಿ ಸಮತೋಲನ, ಕಾಲಿನ ಬಲ, ಎಷ್ಟು ಮೆಲ್ಲಗೆ ತಳ್ಳಬೇಕೆಂಬ ಅಂದಾಜು ಎಲ್ಲವೂ ಒಟ್ಟಿಗೆ ಬೇಕು. ಮಗು ಆಡುವಾಗ ಮೈಮರೆತಿರುತ್ತದೆ, ಆದ್ದರಿಂದ ಅದರ ನಿಜವಾದ ಚಲನೆ ಹೊರಬರುತ್ತದೆ. ಹಳೆಯ ಆಟ ಬಿಟ್ಟದ್ದರಿಂದಲೇ ಎಲ್ಲ ಕೆಟ್ಟಿತು ಎಂಬ ಮಾತು ಮಾತ್ರ ನಾನು ಆಡುವುದಿಲ್ಲ. ಆ ಆಟಗಳ ಕಾಲದಲ್ಲೇ ಹುಡುಗಿ ದೊಡ್ಡವಳಾದ ದಿನ ಅವಳ ಆಟ ನಿಲ್ಲುತ್ತಿತ್ತು. ಹಾಗೆ ನಿಂತ ಹುಡುಗಿಯರೇ ಇವತ್ತಿನ ನಮ್ಮ ಅಜ್ಜಿಯರು. ಅವರ ಮಂಡಿಯ ಕತೆಗೆ ಆಮೇಲೆ ಬರುತ್ತೇನೆ.

ಕಣ್ಣಿಟ್ಟು ನೋಡಬೇಕು ಎಂದು ನಾನು ಇಷ್ಟು ಒತ್ತಿ ಹೇಳಲು ಒಂದು ಗಂಭೀರ ಕಾರಣವಿದೆ. ಚಲನೆಗಳ ಹೊಂದಾಣಿಕೆ ಸಹಜವಾಗಿ ಬೆಳೆಯದ ಒಂದು ಸ್ಥಿತಿ ಇದೆ, ಡಿಸಿಡಿ ಎನ್ನುತ್ತಾರೆ. ಶಾಲಾ ವಯಸ್ಸಿನ ಮಕ್ಕಳಲ್ಲಿ ಸುಮಾರು ನೂರಕ್ಕೆ ಐದಾರು ಮಂದಿಗೆ ಅದು ಇರುತ್ತದೆ ಎಂಬುದು ಒಪ್ಪಿತ ಅಂದಾಜು. ಅಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ಬುದ್ಧಿ ಚುರುಕಾಗಿಯೇ ಇರುತ್ತದೆ. ಶರ್ಟಿನ ಗುಂಡಿ ಹಾಕಲು, ಶೂ ಲೇಸ್ ಕಟ್ಟಲು, ಗೆರೆಯ ಮೇಲೆ ಅಕ್ಷರ ಕೂರಿಸಲು, ಬರುವ ಚೆಂಡಿಗೆ ಸರಿಯಾದ ಹೊತ್ತಿಗೆ ಕೈ ಚಾಚಲು ಅವರಿಗೆ ಉಳಿದವರಿಗಿಂತ ಎಷ್ಟೋ ಪಟ್ಟು ಕಷ್ಟ. ಮನೆಯಲ್ಲಿ ಸೋಮಾರಿ ಅನ್ನುತ್ತಾರೆ, ತರಗತಿಯಲ್ಲಿ ಅಕ್ಷರ ಚೆನ್ನಾಗಿಲ್ಲ ಅನ್ನುತ್ತಾರೆ, ಮೈದಾನದಲ್ಲಿ ಟೀಮು ಆರಿಸುವಾಗ ಕೊನೆಗೆ ಉಳಿಯುತ್ತಾರೆ. ಆಮೇಲೆ ತಾವಾಗಿಯೇ ಸ್ಕೋರ್ ಬರೆಯುವ ಕೆಲಸ ಕೇಳಿ ಪಡೆದುಕೊಂಡು ಆಟದಿಂದ ಹೊರಗೆ ಕೂರುತ್ತಾರೆ. ಇಂಥ ಮಗು 600 ಮೀಟರನ್ನು ಹೇಗೋ ಓಡಿ ಮುಗಿಸಿಬಿಡಬಹುದು, ಆಗ ಆಪ್‌ನಲ್ಲಿ ಅದು 'ಸಾಧಾರಣ'. ಮೂವ್‌ಮೆಂಟ್ ಎಬಿಸಿ, ಬ್ರೂನಿಂಕ್ಸ್-ಒಸೆರೆಟ್ಸ್‌ಕಿಯಂಥ ಪರೀಕ್ಷೆಗಳು ಈ ತೊಂದರೆಯನ್ನು ಗುರುತಿಸಲೆಂದೇ ಇವೆ, ಆದರೆ ಅವನ್ನು ತರಬೇತಿ ಪಡೆದ ಆಕ್ಯುಪೇಷನಲ್ ಥೆರಪಿಸ್ಟ್‌ಗಳು, ಮಕ್ಕಳ ಬೆಳವಣಿಗೆಯ ತಜ್ಞರು ಮಾಡಬೇಕು. ನನ್ನಂಥವರ ಕೆಲಸ ಮಗುವನ್ನು ಗಮನಿಸಿ, ತಂದೆ ತಾಯಿಗೆ ಹೆದರಿಸದೆ ಹೇಳಿ, ಸರಿಯಾದ ಬಾಗಿಲಿಗೆ ಕಳಿಸುವುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಅವಕಾಶವಿದೆ. ಮುಂದಿನ ಹಂತಕ್ಕೆಂದು ಜಿಲ್ಲಾ ಮಟ್ಟದಲ್ಲಿ, ತೊಂದರೆಗೆ ಬೇಗನೆ ನೆರವು ಕೊಡುವ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಎಷ್ಟೋ ಪೋಷಕರಿಗೆ ಇದು ಗೊತ್ತೇ ಇಲ್ಲ.

ಇನ್ನು ಹೋಲಿಕೆಯ ಹುಚ್ಚು. ಅದು ಶಾಲೆಗಿಂತ ಮೊದಲೇ, ತೊಟ್ಟಿಲಿನಲ್ಲೇ ಶುರುವಾಗುತ್ತದೆ. 'ನಮ್ಮದು ಹತ್ತು ತಿಂಗಳಿಗೇ ನಡೆದುಬಿಟ್ಟಿತು, ನಿಮ್ಮದು ಇನ್ನೂ ಇಲ್ವಾ?' ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ತಿಂಗಳು ತಿಂಗಳು ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಯಾರ ಆಸರೆಯೂ ಇಲ್ಲದೆ ನಡೆಯುವುದು 8.2 ತಿಂಗಳಿಂದ 17.6 ತಿಂಗಳವರೆಗೆ ಯಾವಾಗ ಬಂದರೂ ಸಹಜವೇ. ಈ ಕಾಲಾವಧಿಯ ಕಿಟಕಿ ಅಷ್ಟು ಅಗಲ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಡುವುದನ್ನೇ ಬಿಟ್ಟು ನೇರ ಎದ್ದು ನಿಂತಿದ್ದವು. ಕಿಟಕಿ ದಾಟಿದರೆ ವೈದ್ಯರಲ್ಲಿಗೆ ಹೋಗಲೇಬೇಕು. ಕಿಟಕಿಯೊಳಗೆ ಯಾರು ಮೊದಲು ಎಂಬ ಪಂದ್ಯಕ್ಕೆ ಅರ್ಥವಿಲ್ಲ.

ಪಂದ್ಯ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕ ದಶಕಗಳ ಕಾಲ ಮಾಡಿ ನೋಡಿದೆ. 1950ರ ದಶಕದಲ್ಲಿ ಕ್ರಾಸ್-ವೆಬರ್ ಎಂಬ ಸರಳ ಸ್ನಾಯು ಪರೀಕ್ಷೆಯಲ್ಲಿ ಅಲ್ಲಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ಫೇಲಾದರು, ಯುರೋಪಿನ ಮಕ್ಕಳಲ್ಲಿ ಫೇಲಾದವರು ಹತ್ತರಲ್ಲಿ ಒಬ್ಬರೂ ಇಲ್ಲ. ದೇಶಕ್ಕೆ ಗಾಬರಿಯಾಯಿತು. ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಯುವಜನರ ದೈಹಿಕ ಸಾಮರ್ಥ್ಯಕ್ಕೆಂದೇ ಒಂದು ಮಂಡಳಿ ಮಾಡಿದರು. ಮುಂದೆ ಅಲ್ಲಿನ ಶಾಲೆಗಳಲ್ಲಿ ಪರೀಕ್ಷೆ, ಮೇಲಿನ ಶ್ರೇಣಿಯವರಿಗೆ ಅಧ್ಯಕ್ಷರ ಹೆಸರಿನ ಪ್ರಶಸ್ತಿ. ಪ್ರಶಸ್ತಿ ಹೋದದ್ದು ಮೊದಲೇ ಓಡಬಲ್ಲವರಿಗೆ. ಎಲ್ಲರೆದುರು ಕಂಬಿಗೆ ಜೋತು ಬಿದ್ದು ಒಂದು ಸಲವೂ ಗಲ್ಲ ಮೇಲೇರಿಸಲಾಗದ ಮಗುವಿಗೆ ಉಳಿದದ್ದು ಅವಮಾನ. ನಮ್ಮಲ್ಲೂ ಫಲಿತಾಂಶವನ್ನು ಗೋಡೆಗೆ ಅಂಟಿಸುವ ಶಾಲೆಗಳಿವೆ. ದಯವಿಟ್ಟು ಅಂಟಿಸಬೇಡಿ. ಮಗುವಿನ ಹೋದ ವರ್ಷದ ಹಾಳೆಯನ್ನು ಈ ವರ್ಷದ ಹಾಳೆಯ ಪಕ್ಕ ಇಟ್ಟು ಆ ಮಗುವಿಗೆ ಮಾತ್ರ ತೋರಿಸಿ.

ಈಗ ಹಿರಿಯರಿಗೆ ಬರುತ್ತೇನೆ. ಇಲ್ಲಿ ನನ್ನ ಮಾತು ಪೂರ್ತಿ ತಿರುಗುತ್ತದೆ.

ಕ್ಯಾಲಿಫೋರ್ನಿಯಾದ ಫುಲರ್ಟನ್ ವಿಶ್ವವಿದ್ಯಾಲಯದ ರಾಬರ್ಟಾ ರಿಕ್ಲಿ, ಜೆಸ್ಸಿ ಜೋನ್ಸ್ ಇಬ್ಬರೂ 1990ರ ದಶಕದಲ್ಲಿ ಕಂಡ ಕೊರತೆ ಇದು: ಯುವಕರ ಪರೀಕ್ಷೆಗಳು ವಯಸ್ಸಾದವರಿಗೆ ಅಪಾಯ, ಆಸ್ಪತ್ರೆಯ ಪರೀಕ್ಷೆಗಳು ತೀರಾ ಕುಗ್ಗಿದವರಿಗಾಗಿ ಮಾಡಿದಂಥವು. ನಡುವೆ ಇರುವ, ತಮ್ಮ ಕೆಲಸ ತಾವೇ ಮಾಡಿಕೊಂಡಿರುವ ಕೋಟ್ಯಂತರ ಹಿರಿಯರಿಗೆ ಯಾವ ಅಳತೆಯೂ ಇರಲಿಲ್ಲ. ಹಾಗಾಗಿ ಅವರು ದಿನನಿತ್ಯದ ಕೆಲಸದಿಂದಲೇ ಪರೀಕ್ಷೆಗಳನ್ನು ಆರಿಸಿದರು. ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ. ಹೆಂಗಸರಾದರೆ 5 ಪೌಂಡ್, ಗಂಡಸರಾದರೆ 8 ಪೌಂಡ್ ತೂಕವನ್ನು ಅಷ್ಟೇ ಹೊತ್ತಿನಲ್ಲಿ ಎಷ್ಟು ಸಲ ಮಡಚಿ ಎತ್ತುತ್ತೀರಿ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತೀರಿ, ಜಾಗವಿಲ್ಲದಿದ್ದರೆ ನಿಂತಲ್ಲೇ ಎರಡು ನಿಮಿಷ ಎಷ್ಟು ಹೆಜ್ಜೆ ಎತ್ತಿ ಹಾಕುತ್ತೀರಿ. ಕುರ್ಚಿಯ ತುದಿಯಲ್ಲಿ ಕೂತು ಕಾಲು ಚಾಚಿ ಬೆರಳು ಮುಟ್ಟುವುದು. ಒಂದು ಕೈ ಭುಜದ ಮೇಲಿಂದ, ಇನ್ನೊಂದು ಕೆಳಗಿನಿಂದ ಬೆನ್ನ ಹಿಂದೆ ಸೇರಿಸುವುದು. ಕುರ್ಚಿಯಿಂದ ಎದ್ದು ಎಂಟು ಅಡಿ ದೂರದ ಗುರುತನ್ನು ಸುತ್ತಿ ಬಂದು ಕೂರುವುದು. 60ರಿಂದ 94 ವರ್ಷದ 7,000ಕ್ಕೂ ಹೆಚ್ಚು ಅಮೆರಿಕನ್ನರನ್ನು ಅಳೆದು ಪ್ರತಿ ವಯಸ್ಸಿಗೂ ಸಾಮಾನ್ಯ ಮಟ್ಟ ಗೊತ್ತುಪಡಿಸಿದರು. 70ರಿಂದ 74ರ ಹೆಂಗಸರು ಸಾಮಾನ್ಯವಾಗಿ 10ರಿಂದ 15 ಸಲ ಏಳುತ್ತಾರೆ, ಅದೇ ವಯಸ್ಸಿನ ಗಂಡಸರು 12ರಿಂದ 17 ಸಲ.

ನನ್ನ ವಿದ್ಯಾರ್ಥಿಗಳ ಮನೆಯಲ್ಲಿ ಇದು ನಡೆಯುವ ರೀತಿಯೇ ಬೇರೆ. 17 ಇಂಚು ಎತ್ತರದ, ಕೈ ಇಲ್ಲದ, ಅಲುಗಾಡದ ಕುರ್ಚಿ ಬೇಕು. ಎಲ್ಲ ಮನೆಯಲ್ಲೂ ಇರುವುದು ಕೈ ಇರುವ ಪ್ಲಾಸ್ಟಿಕ್ ಕುರ್ಚಿ, ಹಗುರವಾದ್ದರಿಂದ ಏಳುವಾಗ ಹಿಂದೆ ಸರಿಯುತ್ತದೆ. ಊಟದ ಮೇಜಿನ ಮರದ ಕುರ್ಚಿ ತಂದು ಗೋಡೆಗೆ ಒತ್ತಿ ಇಡಬೇಕು. 5 ಪೌಂಡ್ ತೂಕಕ್ಕೆ ಎರಡು ಲೀಟರಿನ ನೀರಿನ ಬಾಟಲಿ ಹೆಚ್ಚು ಕಡಿಮೆ ಸಾಕು. ಸೀರೆಯ ನೆರಿಗೆ ಕಾಲಿಗೆ ಸಿಕ್ಕದಂತೆ ಸ್ವಲ್ಪ ಮೇಲೆತ್ತಿ ಸೆಕ್ಕಿಕೊಳ್ಳಲು ಹೇಳಬೇಕು. ಜಾರುವ ಮೋಸಾಯಿಕ್ ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ಮಾಡಲೇಬಾರದು. ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು. ಎದೆನೋವು, ತಲೆಸುತ್ತು ಇರುವವರಿಗೆ ವೈದ್ಯರನ್ನು ಕೇಳದೆ ಮಾಡಿಸಬೇಡಿ ಎಂದು ನಾನು ಹುಡುಗರಿಂದ ಬರೆಸಿಕೊಳ್ಳುತ್ತೇನೆ.

'ಏನೋ ಇದು, ನನ್ನ ಕೂರ್ಸಿ ಏಳ್ಸಿ ಆಟ ಆಡಿಸ್ತಿದೀಯಾ' ಅಂದಳಂತೆ ಒಬ್ಬನ ಅಜ್ಜಿ. ಎರಡೂ ಕೈ ಎದೆಯ ಮೇಲೆ ಕಟ್ಟಿ ಏಳಬೇಕು ಎಂದಾಗ ಮಾತ್ರ ನಗು ನಿಂತಿತು. ಮೊದಲ ಸಲವೇ ಕೈ ತಾನಾಗಿ ತೊಡೆಯ ಮೇಲೆ ಬಂತು. ಮನೆಯವರಿಗೆ ಆಶ್ಚರ್ಯ. ಬೆಳಿಗ್ಗೆ ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ, ಇಡೀ ಮನೆಗೆ ಚಪಾತಿ ಲಟ್ಟಿಸುವ ಅಜ್ಜಿ, ಗಟ್ಟಿಮುಟ್ಟಾಗಿದ್ದಾರೆ ಅಂತ ಎಲ್ಲರೂ ನಂಬಿದ್ದ ಅಜ್ಜಿ, ಕೈ ಊರದೆ ಕುರ್ಚಿಯಿಂದ ಏಳಲಾರರು. ಇಂಥ ವರದಿ ನನಗೆ ವರ್ಷ ವರ್ಷ ಬರುತ್ತದೆ. ಮನೆ ಬೇರೆ ಬೇರೆ, ಆಶ್ಚರ್ಯ ಒಂದೇ.

ಯಾಕೆ ಕಾಣುವುದಿಲ್ಲ? ನಾನು ಇದರ ಬಗ್ಗೆ ಬಹಳ ಯೋಚಿಸಿದ್ದೇನೆ. ಮಗು ಬೆಳೆಯುವಾಗ ಹೊಸದೊಂದು ಕೂಡುತ್ತದೆ, ಆದ್ದರಿಂದ ಕಣ್ಣಿಗೆ ಬೀಳುತ್ತದೆ. ವಯಸ್ಸಾದವರಲ್ಲಿ ಒಂದೊಂದೇ ಕಳೆಯುತ್ತದೆ. ಕಳೆದ ಜಾಗವನ್ನು ಮನೆಯೇ ಮುಚ್ಚಿಬಿಡುತ್ತದೆ. ಬಚ್ಚಲಿಗೆ ಒಂದು ಸ್ಟೂಲು ಬರುತ್ತದೆ. ಊಟ ನೆಲದಿಂದ ಮೇಜಿಗೆ ಏರುತ್ತದೆ. ಮೇಲಿನ ಅಟ್ಟದಲ್ಲಿದ್ದ ಡಬ್ಬಿಗಳು ಕೆಳಗಿನ ಗೂಡಿಗೆ ಬರುತ್ತವೆ. ತಾರಸಿಯಲ್ಲಿ ಹಪ್ಪಳ ಒಣಗಿಸುವುದು 'ಯಾರು ತಿಂತಾರೆ ಈಗ' ಅಂತ ನಿಲ್ಲುತ್ತದೆ. ದೇವಸ್ಥಾನಕ್ಕೆ ಹೋಗುವುದು ವಾರದಿಂದ ಹಬ್ಬಕ್ಕೆ ಇಳಿಯುತ್ತದೆ. ಮದುವೆ ಮನೆಯಲ್ಲಿ ಪಂಕ್ತಿಯ ಬದಲು ಬಫೆಯ ಪಕ್ಕದ ಕುರ್ಚಿ. ಒಂದೊಂದಕ್ಕೂ ಒಂದು ಒಳ್ಳೆಯ ಕಾರಣವಿದೆ, ಪ್ರೀತಿಯೂ ಇದೆ. 'ನೀವು ಕೂತ್ಕೊಳ್ಳಿ, ನಾನು ತರ್ತೀನಿ' ಅನ್ನುವ ಸೊಸೆಯ ಒಳ್ಳೆಯತನವನ್ನು ಯಾರು ತಾನೇ ಬೇಡ ಅನ್ನಲಾದೀತು. ಒಟ್ಟು ಕೂಡಿಸಿ ನೋಡಿದರೆ ಮಾತ್ರ, ಅಜ್ಜಿ ದಿನಕ್ಕೆ ಹತ್ತಾರು ಸಲ ಮಾಡುತ್ತಿದ್ದ ಏಳುವ, ಬಾಗುವ, ಹತ್ತುವ ಕೆಲಸಗಳೆಲ್ಲ ಮಾಯವಾಗಿವೆ. ದಿನಾ ನೋಡುವ ಕಣ್ಣು ಇದನ್ನು ಹಿಡಿಯಲಾರದು. ವರ್ಷಕ್ಕೊಮ್ಮೆ ಬರುವ ವಿದೇಶದ ಮಗನಿಗೆ ಮೊದಲು ಕಾಣುವುದು ಅದಕ್ಕೇ. ಹೋದ ವರ್ಷ 12 ಇದ್ದದ್ದು ಈ ವರ್ಷ 8 ಆಯಿತು ಎಂಬ ಅಂಕಿಗೆ ಈ ಕಣ್ಕಟ್ಟು ಇಲ್ಲ.

ಇನ್ನೂ ಸುಲಭದ್ದು ಬೇಕೇ? ನಡಿಗೆಯ ವೇಗ. ಪಡಸಾಲೆಯಲ್ಲಿ 4 ಮೀಟರ್ ಗುರುತು ಹಾಕಿ, ಎಂದಿನ ನಡಿಗೆಯಲ್ಲಿ ನಡೆಯಲು ಹೇಳಿ. ಅದಕ್ಕೆ 5 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 0.8 ಮೀಟರ್. ಅದಕ್ಕಿಂತ ನಿಧಾನವಾದರೆ ವೈದ್ಯರು ಗಮನ ಕೊಡಬೇಕಾದ ಮಟ್ಟ ಎಂದು ಯುರೋಪಿನ ತಜ್ಞರು ಇಟ್ಟುಕೊಂಡಿದ್ದಾರೆ. ಏಷ್ಯಾದ ತಜ್ಞರ ತಂಡ 2019ರಲ್ಲಿ ಇನ್ನೂ ಬಿಗಿ ಮಾಡಿ 1 ಮೀಟರ್ ಎಂದಿತು. ಇನ್ನೊಂದು, ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರುವ ಟೈಮ್ಡ್ ಅಪ್ ಆ್ಯಂಡ್ ಗೋ, 1991ರಿಂದ ಬಳಕೆಯಲ್ಲಿದೆ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆಯೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಎಚ್ಚರಿಸುತ್ತದೆ. 65 ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಪ್ರತಿವರ್ಷ ಒಮ್ಮೆಯಾದರೂ ಬೀಳುತ್ತಾರೆ. ನಮ್ಮ ಮನೆಗಳಲ್ಲಿ ಹಿರಿಯರ ಕಾಲುಬಲದ ಮಾತು ಶುರುವಾಗುವುದು ಸೊಂಟದ ಮೂಳೆ ಮುರಿದ ಮೇಲೆ, ಆಸ್ಪತ್ರೆಯ ಕಾರಿಡಾರಿನಲ್ಲಿ. ಐದು ಸೆಕೆಂಡಿನ ಕೆಲಸವನ್ನು ಅಲ್ಲಿಯವರೆಗೆ ಮುಂದೂಡಿದ್ದಕ್ಕೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕುರ್ಚಿಯ ಬಗ್ಗೆ ಒಂದು ತಕರಾರು ನನಗಿದೆ. ನಮ್ಮ ಹಿರಿಯರಲ್ಲಿ ಬಹಳ ಮಂದಿ ಬದುಕಿನ ಬಹುಪಾಲು ಕಳೆದದ್ದು ನೆಲದ ಮೇಲೆ. ಮಣೆಯ ಮೇಲೆ ಕೂತು ಈಳಿಗೆಯಲ್ಲಿ ತರಕಾರಿ ಹೆಚ್ಚಿದವರು, ಕುಕ್ಕರಗಾಲಲ್ಲಿ ಕಳೆ ಕಿತ್ತವರು. ಅವರಿಗೆ ಒಪ್ಪುವ ಪರೀಕ್ಷೆ ಬಂದಿರುವುದು ಬ್ರೆಜಿಲ್‌ನಿಂದ. ರಿಯೊ ಡಿ ಜನೈರೊದ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ಮತ್ತು ತಂಡದವರು 51ರಿಂದ 80 ವಯಸ್ಸಿನ 2,002 ಮಂದಿಗೆ ನೆಲದ ಮೇಲೆ ಕೂತು ಏಳಲು ಹೇಳಿದರು. ಕೂರುವುದಕ್ಕೆ 5, ಏಳುವುದಕ್ಕೆ 5 ಅಂಕ. ಕೈ, ಮೊಣಕೈ, ಮಂಡಿ ಊರಿದಾಗಲೆಲ್ಲ ಒಂದು ಅಂಕ ಕಡಿತ, ಓಲಾಡಿದರೆ ಅರ್ಧ. ಕಡಿಮೆ ಅಂಕ ಬಂದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚು ಕಂಡಿತು. ಈ ಸುದ್ದಿ ವಾಟ್ಸಾಪಿನಲ್ಲಿ 'ಎದ್ದು ನಿಲ್ಲಲಾಗದಿದ್ದರೆ ಇಷ್ಟೇ ಆಯಸ್ಸು' ಎಂಬ ರೂಪದಲ್ಲಿ ಓಡಾಡುತ್ತದೆ. ಅದು ತಪ್ಪು. ಮಂಡಿ ಸವೆದ ಅಜ್ಜಿಗೆ ಕಡಿಮೆ ಅಂಕ ಬಂದರೆ ಅದರರ್ಥ ಮಂಡಿ ಸವೆದಿದೆ ಎಂದು. ಒಬ್ಬೊಬ್ಬರ ಆಯಸ್ಸು ಹೇಳುವ ಶಕ್ತಿ ಯಾವ ಪರೀಕ್ಷೆಗೂ ಇಲ್ಲ. ನೆಲದಿಂದ ಏಳುವ ಬಲ ಉಳಿಸಿಕೊಳ್ಳುವುದು ಮಾತ್ರ ತುಂಬ ದೊಡ್ಡದು, ಯಾಕೆಂದರೆ ಒಬ್ಬರೇ ಇರುವಾಗ ಬಿದ್ದರೆ ಏಳಬೇಕಾದದ್ದು ನೆಲದಿಂದಲೇ. ಮಂಡಿ ಗಟ್ಟಿಯಿರುವ ಐವತ್ತರ ಆಸುಪಾಸಿನವರು ದಿನಕ್ಕೆ ಒಂದು ಊಟವನ್ನಾದರೂ ನೆಲದ ಮೇಲೆ ಕೂತು ಮಾಡಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ.

ಅಮೆರಿಕದ ಮಟ್ಟಗಳನ್ನು ನಮ್ಮವರ ಮೇಲೆ ಹಾಗೇ ಹೇರಲಾಗದು ಎಂಬುದೂ ನಿಜ. ಕೈಹಿಡಿತದ ಬಲವನ್ನೇ ನೋಡಿ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಪಾಲ್ಗೊಂಡ ಪ್ಯೂರ್ ಎಂಬ ಬಹುರಾಷ್ಟ್ರೀಯ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರ ಹಿಡಿತ ಬೇರೆ ಪ್ರದೇಶದವರಿಗಿಂತ ಕಡಿಮೆ ಇತ್ತು. ಅದೇ ಅಧ್ಯಯನ 2015ರಲ್ಲಿ ಹೇಳಿದ್ದು: ಹಿಡಿತ 5 ಕಿಲೋ ಕಡಿಮೆಯಾದಂತೆ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚಿರುವುದು ಕಂಡಿದೆ. ವಯಸ್ಸಾಗುವುದರ ಬಗ್ಗೆ ನಮ್ಮ ದೇಶದ್ದೇ ಆದ ಲಾಸಿ ಸಮೀಕ್ಷೆ 2017-18ರಲ್ಲಿ 45 ದಾಟಿದ ಸುಮಾರು 72,000 ಜನರ ಮನೆಗೇ ಹೋಗಿ ಹಿಡಿತ, ಸಮತೋಲನ, ನಡಿಗೆಯನ್ನು ಅಳೆಯಿತು. ಹಾಗಾಗಿ ನಮ್ಮವೇ ಮಟ್ಟಗಳನ್ನು ಕಟ್ಟಲು ಬೇಕಾದ ಸರಕು ಇದೆ. ಅದು ಸಂಶೋಧಕರ ಕೋಣೆಯಿಂದ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿಗೆ ಬರಬೇಕು.

ಅಳೆದು ಏನು ಮಾಡೋದು, ವಯಸ್ಸಾದ ಮೇಲೆ ಇಳಿಯೋದೇ ತಾನೆ, ಎಂದು ಕೇಳುವವರಿದ್ದಾರೆ. ಇಳಿಯೋದೇ ಅಲ್ಲ. 1990ರಲ್ಲಿ ಮರಿಯಾ ಫಿಯಾಟರೋನ್ ಮತ್ತು ಜೊತೆಗಾರರು ಬಾಸ್ಟನ್ನಿನ ವೃದ್ಧರ ಕೇಂದ್ರವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಪೂರೈಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು. ಅವರಲ್ಲಿ ಅತಿ ಹಿರಿಯರಿಗೆ 96 ವರ್ಷ. ಎಂಟು ಸಲ ಏಳುವ ಅಜ್ಜಿಯನ್ನು ಹತ್ತಕ್ಕೆ ತರಲು ಜಿಮ್ ಬೇಡ. ಅದೇ ಕುರ್ಚಿಯಿಂದ ಬೆಳಿಗ್ಗೆ ಐದು ಸಲ, ಸಂಜೆ ಐದು ಸಲ ಎದ್ದು ಕೂರುವುದೇ ಔಷಧಿ. ಪರೀಕ್ಷೆಯೇ ವ್ಯಾಯಾಮ ಆಗುವ ಇಂಥ ಅನುಕೂಲ ರಕ್ತಪರೀಕ್ಷೆಗೆ ಇಲ್ಲ!

ನನಗೊಂದು ಆಸೆ ಇದೆ. ಪ್ರತಿ ನವೆಂಬರ್‌ನಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆ ಎಂಬ ಜೀವನ ಪ್ರಮಾಣ ಪತ್ರ ಕೊಡಲು ಬ್ಯಾಂಕಿನ ಮುಂದೆ ಸಾಲು ನಿಲ್ಲುತ್ತಾರೆ. ಮನೆಯಿಂದಲೇ ಮೊಬೈಲಿನಲ್ಲಿ ಕೊಡುವವರೂ ಈಗ ಇದ್ದಾರೆ. ಬದುಕಿದ್ದೀರಾ ಎಂದು ಸರ್ಕಾರ ಕೇಳುವ ಆ ತಿಂಗಳಲ್ಲೇ ಕುರ್ಚಿಯಿಂದ ಎಷ್ಟು ಸಲ ಏಳುತ್ತೀರಿ ಎಂದೂ ಕೇಳಬಹುದಲ್ಲವೇ? ಬ್ಯಾಂಕಿನಲ್ಲಿ ಕುರ್ಚಿ ಇದೆ, ಗಡಿಯಾರ ಇದೆ, ಒಬ್ಬ ಆಶಾ ಕಾರ್ಯಕರ್ತೆಯನ್ನೋ ನರ್ಸನ್ನೋ ಕೂರಿಸಿದರೆ ಆಯಿತು. ಅದು ಆಗುವವರೆಗೆ ಮನೆಯಲ್ಲೇ ನಡೆಯಲಿ. ನಾನು ಅಮ್ಮನ ಪಿಂಚಣಿಯ ಫೈಲಿನಲ್ಲೇ ಒಂದು ಹಾಳೆ ಇಟ್ಟಿದ್ದೇನೆ. ತಾರೀಕು, ಯಾವ ಕುರ್ಚಿ, ಎಷ್ಟು ಸಲ ಎದ್ದರು, 4 ಮೀಟರಿಗೆ ಎಷ್ಟು ಸೆಕೆಂಡ್, ಅಷ್ಟೇ ಬರೆಯುವುದು. ಕುರ್ಚಿ ಬದಲಾದರೆ ಅಂಕಿಯೂ ಬದಲಾಗುತ್ತದೆ, ಅದಕ್ಕೇ ಯಾವ ಕುರ್ಚಿ ಎಂದು ಬರೆಯಲೇಬೇಕು.

ಹಿಂದಿನ ವರ್ಷಕ್ಕಿಂತ ಎರಡು ಮೂರು ಕಡಿಮೆಯಾದರೆ ಗಾಬರಿ ಬೇಡ, ವಾರ ಬಿಟ್ಟು ಇನ್ನೊಮ್ಮೆ ನೋಡಿ. ಆಗಲೂ ಅಷ್ಟೇ ಇದ್ದರೆ ಆ ಹಾಳೆ ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗಿ, ಈ ನಾಲ್ಕನ್ನು ಕೇಳಿ: ಎದ್ದು ನಿಂತಾಗ ಬಿಪಿ ಇಳಿಯುತ್ತಿದೆಯೇ, ತೆಗೆದುಕೊಳ್ಳುವ ಮಾತ್ರೆಗಳಲ್ಲಿ ತಲೆಸುತ್ತು ತರುವಂಥದ್ದು ಯಾವುದಾದರೂ ಇದೆಯೇ, ಕನ್ನಡಕದ ನಂಬರ್ ಸರಿಯಿದೆಯೇ, ವಿಟಮಿನ್ ಡಿ ನೋಡಿಸಬೇಕೇ. ಜೊತೆಗೆ ಊಟದಲ್ಲಿ ಬೇಳೆಕಾಳು, ಮೊಸರು, ಮೊಟ್ಟೆ ಎಷ್ಟು ಹೋಗುತ್ತಿದೆ ಎಂಬುದನ್ನೂ ಅವರಿಗೆ ಹೇಳಿ.